ಕ್ಯಾನ್ಸರ್ ಡಾಕ್ಟರ್ ಆಗೋಕೆ ಹನ್ನೆರಡು ವರ್ಷ; ಆಮೇಲೆ ನಮ್ಮ ಕಡೆ ಯಾಕೆ ಬರಬೇಕು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕ್ಯಾನ್ಸರ್ ರೋಗಿ ಹೋಗುವ ದಾರಿ ಎಲ್ಲರಿಗೂ ಗೊತ್ತು. ಶಿಗ್ಗಾವಿ, ಸವಣೂರಿನವರು ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಅಲ್ಲಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ನಾವು ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಆಸ್ಪತ್ರೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗದ ಕಡೆಯೂ ದಾರಿ ಇದೆ. ಎಲ್ಲೂ ಆಗಲಿಲ್ಲ ಅಂದರೆ ಬೆಂಗಳೂರಿನ ಕಿದ್ವಾಯಿ. ಎಷ್ಟೋ ಕೀಮೋಗಳು 21 ದಿನಕ್ಕೊಮ್ಮೆ ಇರುತ್ತವೆ. ಅಂದರೆ 21 ದಿನಕ್ಕೊಮ್ಮೆ ಒಬ್ಬರ ಕೂಲಿ, ಇಬ್ಬರ ಬಸ್ ಚಾರ್ಜು ಹೋಯ್ತು ಅಂತಲೇ ಲೆಕ್ಕ.

ಡಾಕ್ಟರ್ ಬರುವ ದಾರಿ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. 'ತಾಲೂಕಿಗೊಬ್ಬ ಕ್ಯಾನ್ಸರ್ ಡಾಕ್ಟರ್ ಕೊಡ್ರಿ' ಅಂತ ಮನವಿ ಕೊಡುವ ಮೊದಲು ಆ ದಾರಿ ತಿಳಿದಿರಬೇಕು ಅಂತ ನನಗನಿಸುತ್ತೆ.

ಮೊದಲನೆಯದಾಗಿ, 'ಕ್ಯಾನ್ಸರ್ ಡಾಕ್ಟರ್' ಅಂದರೆ ಒಬ್ಬರಲ್ಲ. ಔಷಧಿ, ಕೀಮೋ ಕೊಡುವವರು ಮೆಡಿಕಲ್ ಆಂಕಾಲಜಿಸ್ಟ್. ಗಡ್ಡೆ ತೆಗೆಯುವವರು ಸರ್ಜಿಕಲ್ ಆಂಕಾಲಜಿಸ್ಟ್. ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವ ಕೆಲಸದವರು ರೇಡಿಯೇಷನ್ ಆಂಕಾಲಜಿಸ್ಟ್. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಹಿಮೋಫಿಲಿಯಾ ನೋಡುವವರು ಹೆಮಟಾಲಜಿಸ್ಟ್. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಂದ ಇನ್ನೊಬ್ಬರ ಕೋಣೆಗೆ ಕಳಿಸಿದಾಗ ಜನ 'ಸುಮ್ನೆ ಅಡ್ಡಾಡಸ್ತಾರ' ಅಂತ ಸಿಟ್ಟಾಗೋದು ಇದು ಗೊತ್ತಿಲ್ಲದೇ.

ಲೆಕ್ಕ ಹೀಗಿದೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ನೀಟ್ ಪಿಜಿ ಬರೆದು ಎಂಡಿ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ ಮೂರು ವರ್ಷ. ಮತ್ತೆ ನೀಟ್ ಎಸ್‌ಎಸ್ ಬರೆದು ಡಿಎಂ, ಇನ್ನೂ ಮೂರು ವರ್ಷ. ಸರ್ಜರಿಯ ಕಡೆ ಎಂಎಸ್, ಎಂಸಿಎಚ್. ಅದೂ ಅಷ್ಟೇ ಉದ್ದ. ಒಟ್ಟು ಹನ್ನೊಂದೂವರೆ ವರ್ಷ. ಪರೀಕ್ಷೆ ತಯಾರಿಗೆ ಹೋಗುವ ವರ್ಷ, ಕಡ್ಡಾಯ ಗ್ರಾಮೀಣ ಸೇವೆಯ ವರ್ಷ ಸೇರಿದರೆ ಹನ್ನೆರಡು ದಾಟುತ್ತೆ. ರೇಡಿಯೇಷನ್ ಒಂದೇ ಸ್ವಲ್ಪ ಹತ್ತಿರದ ದಾರಿ: ಎಂಬಿಬಿಎಸ್ ಆದ ಮೇಲೆ ನೇರವಾಗಿ ಮೂರು ವರ್ಷದ ಎಂಡಿ. ಇದನ್ನು ಪಿಯುಸಿ ಮಕ್ಕಳಿಗೆ ಯಾರಾದರೂ ಹೇಳಬೇಕು.

ಹಾವೇರಿ ವೈದ್ಯಕೀಯ ಕಾಲೇಜು 150 ಸೀಟುಗಳೊಂದಿಗೆ 2022ರಲ್ಲಿ ಶುರುವಾಯಿತು. ಅದರ ಮೊದಲ ಬ್ಯಾಚು ಇಂಟರ್ನ್‌ಶಿಪ್ ಮುಗಿಸುವ ಹೊತ್ತಿಗೆ 2028. ಅದರಲ್ಲೊಬ್ಬ ಹುಡುಗಿ ಒಂದೂ ವರ್ಷ ಪೋಲಾಗದೆ ಓದಿದರೂ ಆಂಕಾಲಜಿಸ್ಟ್ ಆಗೋದು 2034ಕ್ಕೆ. ಆಗ ಅವಳಿಗೆ ಮೂವತ್ತು. ಅವಳ ಜೊತೆ ಎಂಜಿನಿಯರಿಂಗ್ ಸೇರಿದವರು ಎಂಟು ವರ್ಷ ಸಂಬಳ ಎಣಿಸಿರುತ್ತಾರೆ.

ಬಡವರಿಗೆ ಈ ದಾರಿ ಮುಚ್ಚಿದೆ ಅಂತ ನಾನು ಹೇಳಲ್ಲ. ಕಲಬುರಗಿಯ ಕೊಳೆಗೇರಿಯಲ್ಲಿ ಬೆಳೆದ ವಿಜಯಲಕ್ಷ್ಮೀ ದೇಶಮಾನೆ ಹುಬ್ಬಳ್ಳಿಯಲ್ಲೇ ಎಂಬಿಬಿಎಸ್ ಓದಿದವರು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿ ಕಿದ್ವಾಯಿಯ ನಿರ್ದೇಶಕರ ಕುರ್ಚಿಯಲ್ಲೂ ಕೂತರು. 2025ರಲ್ಲಿ ಪದ್ಮಶ್ರೀ ಬಂತು. ಅವರನ್ನು ಓದಿಸಲು ತಾಯಿ ತಾಳಿಯನ್ನೇ ಕೊಟ್ಟಿದ್ದರು. ಆದರೆ ತಾಳಿ ಅಡವಿಟ್ಟೇ ಡಾಕ್ಟರ್ ಆಗಬೇಕು ಅನ್ನೋದು ಒಂದು ವ್ಯವಸ್ಥೆಯೇ?

ಈ ಹನ್ನೆರಡು ವರ್ಷ ಬರೀ ಓದಲ್ಲ. ಚಿಗವ್ವನ ಕೀಮೋಗೆ ಅಂತ ನಾನು ಒಂದು ಆಸ್ಪತ್ರೆಗೆ (ಹೆಸರು ಬೇಡ) ಆರು ಸಲ ಹೋಗಿದ್ದೆ. ವಾರ್ಡಿನಲ್ಲಿದ್ದ ಪಿಜಿ ಹುಡುಗ ಬಾಗಲಕೋಟೆಯವ. 'ಊಟ ಆತೇನ್ರೀ ಡಾಕ್ಟ್ರ?' ಅಂದರೆ, 'ನಿನ್ನೆ ಮುಂಜಾನೆ ಬಂದೀನ್ರಿ, ಇನ್ನೂ ರೂಮಿಗೆ ಹೋಗಿಲ್ಲ' ಅಂದ. ಪಕ್ಕದ ಹಾಸಿಗೆಯವರ ಮಗ ಅವನ ಕೈ ಹಿಡಿದು, 'ಅಕಿಗೆ ಹೇಳಬ್ಯಾಡ್ರಿ, ಗ್ಯಾಸ್ಟ್ರಿಕ್ ಅಂತ ಹೇಳ್ರಿ' ಅಂತಿದ್ದ. ಒಳಗೆ ಆ ತಾಯಿ, 'ನಂಗೇನಾಗೇತಿ ಖರೇ ಹೇಳಪ್ಪ' ಅಂತ ಕೇಳ್ತಿದ್ದಳು. ನಡುವೆ ನಿಂತವನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಕೆಟ್ಟ ಸುದ್ದಿ ಹೇಳೋದು ಹೇಗೆ ಅನ್ನೋದು ಒಂದು ವಿದ್ಯೆ. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸಂವಹನದ ಪಾಠ ಸೇರಿದೆ. ಅದಕ್ಕೂ ಮುಂಚಿನವರು ಇದನ್ನು ಹೆಚ್ಚಾಗಿ ರೋಗಿಯ ಮುಂದೆ ನಿಂತೇ ಕಲಿತವರು.

ಕೆಲಸದ ಅವಧಿಗೆ ನಿಯಮ ಇಲ್ಲ ಅಂತಲ್ಲ. 1992ರಲ್ಲೇ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮದಲ್ಲಿ 'ಸಮಂಜಸ ಅವಧಿ' ಮತ್ತು ವಾರಕ್ಕೊಂದು ರಜೆ ಅಂತಿದೆ. 2024ರಲ್ಲಿ ಅದರದ್ದೇ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. 48ರಿಂದ 74ಕ್ಕೆ ಏರಿದ್ದನ್ನು ಸುಧಾರಣೆ ಅನ್ನಬೇಕೋ, ವಾಸ್ತವ ಒಪ್ಪಿಕೊಂಡರು ಅನ್ನಬೇಕೋ, ನೀವೇ ಹೇಳಿ.

ಇಷ್ಟೆಲ್ಲ ಮುಗಿಸಿದವಳು ಹಾನಗಲ್ಲಿಗೆ ಬರುತ್ತೀನಿ ಅಂದರೂ ಬರೋದೆಲ್ಲಿಗೆ? ತಾಲೂಕು ಆಸ್ಪತ್ರೆಯಲ್ಲಿ ಫಿಜಿಷಿಯನ್, ಸರ್ಜನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರ ಹುದ್ದೆಗಳಿವೆ. ಆಂಕಾಲಜಿಸ್ಟ್ ಹುದ್ದೆಯೇ ಇಲ್ಲ. 'ಹಳ್ಳಿಗೆ ಬರೋ ಮನಸ್ಸಿಲ್ಲ' ಅಂತ ಡಾಕ್ಟರುಗಳನ್ನು ಬೈಯುವಾಗ ನಾವು ಇದನ್ನು ಮರೀತೀವಿ.

ಹಾಗಂತ ಆಸ್ಪತ್ರೆಗೊಬ್ಬ ಡಿಎಂ ಬೇಕು ಅನ್ನೋದೂ ತರ್ಕ ಅಲ್ಲ. ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಹೆಮಟಾಲಜಿಯಲ್ಲಿ ಡಿಎಂ ಮಾಡಿದವರಲ್ಲ, ಜೆಜೆಎಂ ಕಾಲೇಜಿನ ಪೆಥಾಲಜಿ ಪ್ರಾಧ್ಯಾಪಕರು. ಅವರಿಗೇ ಹಿಮೋಫಿಲಿಯಾ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ, ರಕ್ತ ಹೆಪ್ಪುಗಟ್ಟದ ಮಕ್ಕಳಿಗೆ ಬೆಂಗಳೂರಿನಾಚೆಯೂ ಚಿಕಿತ್ಸೆ ಸಿಗುವಂತೆ ಮಾಡಿದರು. ಡಿಗ್ರಿಯ ಏಣಿಯಲ್ಲಿ ಈ ದಾರಿ ಇಲ್ಲ, ನಮ್ಮಂಥ ಜಿಲ್ಲೆಗೆ ಕೆಲಸಕ್ಕೆ ಬರೋದು ಇಂಥದ್ದೇ.

ನಮ್ಮ ಕಡೆ ಇದು ಇನ್ನೂ ಜರೂರು. ಸವಣೂರಿನ ಎಲೆಗೆ ಊರೂರಲ್ಲಿ ಹೆಸರಿದೆ. ಎಲೆಯದೇನೂ ತಪ್ಪಿಲ್ಲ, ಅದರೊಳಗೆ ಸುತ್ತುವ ಅಡಿಕೆ, ತಂಬಾಕಿನದು. ತಂಬಾಕು ಹಾಕದ ಎಲೆ-ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಬಾಯೊಳಗಿನ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲು ಆಗದಿರೋದು, ಇವನ್ನು ಗುರುತಿಸಲು ಡಿಎಂ ಬೇಕಿಲ್ಲ. ತಾಲೂಕು ಆಸ್ಪತ್ರೆಯ ದಂತವೈದ್ಯರು ಸಾಕು.

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ತೆರೆಯಿತು. ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಅಂತ ಅದೇ ವರ್ಷದ ಕೇಂದ್ರ ಬಜೆಟ್ ಹೇಳಿದೆ. ದೊಡ್ಡ ಆಸ್ಪತ್ರೆಯ ಆಂಕಾಲಜಿಸ್ಟ್ ಚಿಕಿತ್ಸೆ ನಿರ್ಧರಿಸಿದರೆ, ಮುಂದಿನ ಡೋಸುಗಳನ್ನು ತರಬೇತಾದ ಫಿಜಿಷಿಯನ್ ಮತ್ತು ನರ್ಸ್ ಜಿಲ್ಲೆಯಲ್ಲೇ ಕೊಡಬಹುದು. ಹಾವೇರಿಯ ಮಟ್ಟಿಗೆ ನನ್ನ ಕಣ್ಣಿರೋದು ಆ ಫಿಜಿಷಿಯನ್ ಮೇಲೆ. ಅವರಿಗೆ ಕಿದ್ವಾಯಿಯಲ್ಲಿ ಕೆಲವು ತಿಂಗಳ ತರಬೇತಿ, ಫೋನಿಗೆ ಸಿಗುವ ಒಬ್ಬ ಹಿರಿಯರು, ರಜೆ ಹಾಕಿದ ದಿನ ಕೆಲಸ ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಐದು ವರ್ಷ ಇಲ್ಲಿ ದುಡಿದರೆ ಡಿಎಂ ಸೀಟಿಗೆ ಆದ್ಯತೆ ಸಿಗಬೇಕು. ಸೇವೆಯಲ್ಲಿರುವವರಿಗೆ ಪಿಜಿ ಸೀಟಿನಲ್ಲಿ ಕೋಟಾ ಕೊಡೋದು ರಾಜ್ಯಕ್ಕೆ ಹೊಸದೇನಲ್ಲ. ಮುಂದಿನ ಸಲ ಶಾಸಕರಿಗೆ ಮನವಿ ಕೊಡುವಾಗ ಕಟ್ಟಡಕ್ಕಿಂತ ಮೊದಲು ಇದನ್ನು ಬರೆಯಿರಿ.