ನೂರ ಅರವತ್ತು ಚದರಡಿ

ಮುಂಬಯಿಯಲ್ಲಿ ಜನ ಕಿಕ್ಕಿರಿದಿದ್ದಾರೆ, ಇನ್ನು ಎತ್ತರಕ್ಕೆ ಕಟ್ಟಬಾರದು ಅಂತ ಕೆಲವರು. ಎತ್ತರಕ್ಕೆ ಕಟ್ಟಲು ಬಿಡದೇ ಇದ್ದದ್ದಕ್ಕೇ ಮನೆ ಬೆಲೆ ಮುಗಿಲು ಮುಟ್ಟಿದೆ ಅಂತ ಇನ್ನು ಕೆಲವರು. ಇಬ್ಬರಿಗೂ ಇರೋಕೆ ಮನೆ ಇದೆ. ಕೇರಿಯಿಂದ ಬಂದ ನಾವು ಈ ಜಗಳವನ್ನು ಚಾಳಿನ ಮೆಟ್ಟಿಲ ಮೇಲೆ ಕೂತು ನೋಡಬೇಕು.

1896ರಲ್ಲಿ ಪ್ಲೇಗ್ ಬಂತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಗಾಳಿಯಿಲ್ಲ, ಬೆಳಕಿಲ್ಲ ಅಂತ ಬಡವರ ಮನೆಗಳನ್ನು ಕೆಡವಿದರು, ಕೆಡವಿದಷ್ಟು ಕಟ್ಟಲಿಲ್ಲ. ಬೀದಿಗೆ ಬಿದ್ದವರು ಪಕ್ಕದ ಓಣಿಗೆ ನುಗ್ಗಿ ಅಲ್ಲಿ ಇನ್ನಷ್ಟು ಇಕ್ಕಟ್ಟು ಮಾಡಿದರು. ಟ್ರಸ್ಟ್ ಕಟ್ಟಿದ ಪರೇಲಿನ ಚಾಳಿನಲ್ಲೇ ಬಾಬಾಸಾಹೇಬರು ಎಷ್ಟೋ ವರ್ಷ ಇದ್ದರು. ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದ ಮೇಲೂ ಅದೇ ಚಾಳು.

1920ರಲ್ಲಿ, ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಹುಟ್ಟಿತು. 50,000 ಕೋಣೆ ಕಟ್ತೀವಿ ಅಂದರು. ಎದ್ದು ನಿಂತದ್ದು 207 ಚಾಳು, ಸುಮಾರು 16,000 ಕೋಣೆ. ವರ್ಲಿಯಲ್ಲೇ 121 ಚಾಳು. ನೆಲದ ಮೇಲೆ ಮೂರು ಅಂತಸ್ತು, ಅಂತಸ್ತಿಗೆ 20 ಕೋಣೆ, ಕೋಣೆಗೆ 160 ಚದರಡಿ. ಕಕ್ಕಸು ಎಲ್ಲರಿಗೂ ಸೇರಿ. ಬಿ.ಡಿ.ಡಿ. ಚಾಳು ಅಂದರೆ ಇದು. ಗಿರಣಿ ಕಾರ್ಮಿಕರು ಇಲ್ಲಿ ತಲೆಮಾರುಗಳನ್ನೇ ಕಳೆದರು.

ಒತ್ತೊತ್ತಾಗಿ ಬದುಕಿದರೆ ಜಾತಿ ಕರಗುತ್ತೆ ಅನ್ನೋರು ಈ ಚಾಳುಗಳ ಕಥೆ ಕೇಳಬೇಕು. ದಲಿತರು ಹೆಚ್ಚಿದ್ದ ಚಾಳು ಬೇರೆ, ಸವರ್ಣರು ಹೆಚ್ಚಿದ್ದ ಚಾಳು ಬೇರೆ. ಊರು ಕೇರಿಗಳನ್ನು ಸಿಮೆಂಟಿನಲ್ಲಿ ಎತ್ತಿ ನಿಲ್ಲಿಸಿದ ಹಾಗೆ! 1974ರ ಜನವರಿ 5ರಂದು ವರ್ಲಿಯಲ್ಲಿ ದಲಿತ ಪ್ಯಾಂಥರ್ಸ್ ಸಭೆ ಸೇರಿದಾಗ ಕಲ್ಲು ಬಿತ್ತು, ಲಾಠಿ ಬಿತ್ತು, ಚಾಳು ಚಾಳಿಗೂ ಗಲಭೆ ಹಬ್ಬಿತು. 10ರಂದು ಪರೇಲಿನ ಮೆರವಣಿಗೆಯ ಮೇಲೆ ಕಟ್ಟಡದಿಂದ ಎಸೆದ ಬೀಸುವ ಕಲ್ಲಿಗೆ ಭಾಗವತ್ ಜಾಧವ್ ಬಲಿಯಾದರು. ಆದರೂ ಆ ಹುಡುಗರ ದನಿ ಒಂದೇ ರಾತ್ರಿಗೆ ಸಾವಿರ ಬಾಗಿಲು ತಟ್ಟಿದ್ದು ಇದೇ ಒತ್ತೊತ್ತು ಕೋಣೆಗಳಲ್ಲಿ. ಊರಾಚೆ ಚದುರಿದ ನಮ್ಮ ಕೇರಿಗಳಿಗೆ ಆ ಬಲ ಎಲ್ಲಿತ್ತು?

ಇನ್ನು ಎಫ್.ಎಸ್.ಐ. ಅನ್ನೋ ಲೆಕ್ಕ. ನೆಲದ ಅಳತೆಗೆ ಎಷ್ಟು ಪಾಲು ಕಟ್ಟಡ ಅನ್ನೋದು. 1991ರ ನಿಯಮದಲ್ಲಿ ಹಳೇ ಮುಂಬಯಿಗೆ 1.33, ಅಂದರೆ ನೂರು ಚದರಡಿ ನೆಲಕ್ಕೆ 133 ಚದರಡಿ ಕಟ್ಟಡ. ಹೆಚ್ಚು ಕಟ್ಟಿದರೆ ನೀರು ಸಾಲದು, ಚರಂಡಿ ತಾಳದು ಅಂತಾರೆ. ಜನ ಆಗಲೇ ಬಂದು ಕೂತಿದ್ದಾರಲ್ಲ ಸ್ವಾಮಿ! ಅಂತಸ್ತು ಇಲ್ಲದ್ದಕ್ಕೆ ಫುಟ್‌ಪಾತಿನಲ್ಲಿದ್ದಾರೆ.

ಹಾಗಂತ ಎತ್ತರ ಕಂಡಲ್ಲೆಲ್ಲ ನಾವು ಜೈಕಾರ ಹಾಕೋಲ್ಲ. ಗೋವಂಡಿ, ಮಾನಖುರ್ದ್ ಕಡೆ ಸ್ಲಮ್ಮಿನವರನ್ನು ತಂದು ತುಂಬಿದ ಕಟ್ಟಡಗಳು ಒಂದಕ್ಕೊಂದು ಎಷ್ಟು ಅಂಟಿವೆ ಅಂದರೆ, ಕೆಳಗಿನ ಮನೆಗಳಿಗೆ ಬಿಸಿಲೇ ಇಲ್ಲ. ಅಲ್ಲಿ ಕ್ಷಯ ಹೆಚ್ಚಿದೆ ಅಂತ ವೈದ್ಯರು 2018ರಲ್ಲಿ ತೋರಿಸಿಕೊಟ್ಟರು. ಪ್ಲೇಗಿನ ಕಾಲದಲ್ಲಿ ಯಾವುದನ್ನು ನೆಪ ಮಾಡಿ ಮನೆ ಕೆಡವಿದರೋ ಅದನ್ನೇ ಈಗ ಕಾನೂನು ಪ್ರಕಾರ ಕಟ್ಟಿ ಕೊಟ್ಟಿದ್ದಾರೆ.

2025ರ ಆಗಸ್ಟಿನಲ್ಲಿ ವರ್ಲಿಯ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಕೀಲಿ ಸಿಕ್ಕಿತು, ನಲವತ್ತು ಅಂತಸ್ತಿನ ಗೋಪುರದಲ್ಲಿ. ನಮಗೆ ಸಂತೋಷವೇ. ಅದೇ ನೆಲದ ಇನ್ನೊಂದು ಪಾಲಿನಲ್ಲಿ ಮಾರಾಟದ ಮನೆಗಳು ಏಳಬೇಕು. ಚಾಳಿನವರ ಮನೆಯ ಖರ್ಚು ಹುಟ್ಟೋದು ಅದರಿಂದ. ಎಷ್ಟು ನೆಲ ಮಾರಾಟಕ್ಕೆ ಹೋಗುತ್ತೆ, ಎರಡರ ನಡುವೆ ಗೋಡೆ ಏಳುತ್ತಾ, ನಲವತ್ತು ಅಂತಸ್ತಿನ ಲಿಫ್ಟಿನ ಖರ್ಚನ್ನು ಗಿರಣಿ ಮುಚ್ಚಿ ಕೆಲಸ ಹೋದವನ ಮಗ ಎಷ್ಟು ವರ್ಷ ಕಟ್ಟಬಲ್ಲ, ಇದನ್ನು ಈಗಲೇ ಕೇಳಬೇಕು.