ಮರಣಶಾಸನಗಳಲ್ಲಿ ಕುಲಚರಿತ್ರೆ

ಜನನ, ವಿವಾಹ, ಮರಣಗಳನ್ನು ಸರಕಾರಿ ಪುಸ್ತಕದಲ್ಲಿ ನಮೂದಿಸುವ ಪದ್ಧತಿ ಈಚಿನದು. ಅದಕ್ಕೂ ಹಿಂದಿನ ಮನೆತನವೊಂದರ ಚರಿತ್ರೆಯನ್ನು ಕಟ್ಟಲು ಹೊರಡುವವರಿಗೆ ಕರ್ನಾಟಕದಲ್ಲಿ ಒದಗುವ ಮುಖ್ಯ ಆಕರಗಳಲ್ಲಿ ಜೈನರ ನಿಸಿದಿ ಹಾಗೂ ಸ್ಮಾರಕ ಶಾಸನಗಳೂ ಸೇರಿವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಏಳನೆಯ ಶತಮಾನದಿಂದ ಮೊದಲುಗೊಂಡು ಇಂತಹ ಬರಹಗಳ ಸಾಲೇ ಇದೆ.

ಈ ಶಾಸನಗಳು ಎರಡು ಬಗೆಯ ವಂಶಗಳನ್ನು ದಾಖಲಿಸುತ್ತವೆ. ಮುನಿಗಳಿಗೆ ಗುರುಪರಂಪರೆಯೇ ವಂಶ. ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಆಚಾರ್ಯರ ಸುದೀರ್ಘ ಪರಂಪರೆ ಸಿಗುತ್ತದೆ. ಆ ಮುನಿಯ ಹುಟ್ಟುಮನೆಯನ್ನು ಅಲ್ಲಿ ಅರಸುವುದು ವ್ಯರ್ಥ. ಮನೆಯನ್ನು ತೊರೆದವರ ದಾಖಲೆಯಲ್ಲಿ ಮನೆಗೆ ಎಡೆಯಿಲ್ಲ. ಗೃಹಸ್ಥರ ದಾಖಲೆ ಹೀಗಲ್ಲ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಹಾಗೂ ಆಕೆಯ ತಾಯಿ ಮಾಚಿಕಬ್ಬೆಯ ಮರಣವನ್ನು ಹೇಳುವ ಚಂದ್ರಗಿರಿಯ ಶಾಸನ ಇದಕ್ಕೆ ಉತ್ತಮ ನಿದರ್ಶನ. ಶಾಂತಲೆಯು ಶಕವರ್ಷ 1053, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರದಂದು, ಎಂದರೆ ಕ್ರಿ.ಶ. 1131ರಲ್ಲಿ, ಶಿವಗಂಗೆಯಲ್ಲಿ ‘ಮುಡಿಪಿ’ದಳು. ಮಗಳ ಅಗಲಿಕೆಯನ್ನು ಸಹಿಸಲಾರದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ಸಮಾಧಿ ಹೊಂದಿದಳು. ದಂಡನಾಯಕ ನಾಗವರ್ಮ ಮತ್ತು ಚಂದಿಕಬ್ಬೆಯರ ಮಗ ಬಲದೇವ. ಬಲದೇವ ಮತ್ತು ಬಾಚಿಕಬ್ಬೆಯರ ಮಗಳು ಮಾಚಿಕಬ್ಬೆ. ಆಕೆಯ ಮಗಳು ಶಾಂತಲೆ. ಒಬ್ಬ ತಾಯಿಯ ಮರಣವನ್ನು ನಿಮಿತ್ತ ಮಾಡಿಕೊಂಡು ನಾಲ್ಕು ತಲೆಮಾರುಗಳ ಮಾತೃಪಕ್ಷ ಇಲ್ಲಿ ಉಳಿದುಬಂದಿದೆ. ಪ್ರತಿ ತಲೆಮಾರಿನಲ್ಲೂ ಹೆಣ್ಣಿನ ಹೆಸರಿದೆ.

ಕಾಲನಿರ್ದೇಶವನ್ನೂ ಗಮನಿಸಬೇಕು. ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದನ್ನೊಂದು ಪರೀಕ್ಷಿಸುವ ಸಾಕ್ಷಿಗಳು. ಶಕವರ್ಷವು ಗತವೋ ವರ್ತಮಾನವೋ ಎಂಬುದರಲ್ಲಿ ಒಂದು ವರ್ಷದ ವ್ಯತ್ಯಾಸ ಬರುವುದರಿಂದ, ಸಂಖ್ಯೆಯೊಂದನ್ನೇ ನೆಚ್ಚದೆ ಸಂವತ್ಸರದ ಹೆಸರಿನೊಡನೆ ಹೊಂದಿಸಿ ನೋಡುವುದು ಅಗತ್ಯ.

ಮರಣದ ದಿನವನ್ನು ಇಷ್ಟು ಖಚಿತವಾಗಿ ಹೇಳುವ ಶಾಸನ ಶಾಂತಲೆ ಹುಟ್ಟಿದ ವರ್ಷವನ್ನಾಗಲಿ, ಸಾಯುವಾಗಿನ ವಯಸ್ಸನ್ನಾಗಲಿ ಹೇಳುವುದಿಲ್ಲ. ಆಕೆ ಬೆಟ್ಟದಿಂದ ಧುಮುಕಿ ಪ್ರಾಣ ಬಿಟ್ಟಳೆಂಬ ಜನಜನಿತ ಕಥೆಯೂ ಅಲ್ಲಿಲ್ಲ. ‘ಮುಡಿಪು’ ಎಂಬುದು ಜೈನ ಶಾಸನಗಳಲ್ಲಿ ದೇಹತ್ಯಾಗವನ್ನು, ಅನೇಕ ಕಡೆ ವ್ರತಪೂರ್ವಕವಾದ ಮರಣವನ್ನು ಸೂಚಿಸುವ ಮಾತು. ಅದನ್ನು ಹತಾಶೆಯ ಸಾವೆಂದು ಓದುವುದಕ್ಕೆ ಶಾಸನದ ಆಧಾರವಿಲ್ಲ. ಕಾದಂಬರಿಕಾರನಿಗೆ ಈ ಮೌನವನ್ನು ತುಂಬುವ ಸ್ವಾತಂತ್ರ್ಯವಿದೆ. ಕುಲಚರಿತ್ರೆಯನ್ನು ಬರೆಯುವವನಿಗೆ ಇಲ್ಲ.

ಮರಣದ ದಾಖಲೆಯಿಂದ ಹಿಂದಕ್ಕೆ ನಡೆದು ಹುಟ್ಟನ್ನು ಅರಸುವುದೇ ಈ ಸಂಶೋಧನೆಯ ದಾರಿ. ದಾಖಲೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಿಲ್ಲುವ ಸಂಯಮ, ಶಾಸನವನ್ನು ಓದಬಲ್ಲ ವಿದ್ವತ್ತಿನಷ್ಟೇ ಮುಖ್ಯವಾದುದು. ಸುಮಾರು ಒಂಬೈನೂರು ವರ್ಷಗಳ ಹಿಂದೆ ತೀರಿಕೊಂಡವರಿಗೆ ಓದುಗರು ಸಲ್ಲಿಸಬೇಕಾದ ನ್ಯಾಯವೂ ಅದೇ.