ಗಾಯ ಸಣ್ಣದು, ನೋವು ದೊಡ್ಡದು



ಜವಳಗಿರಿಯ ಸುತ್ತಿನ ಹೊಲಗಳಲ್ಲಿ ಕಾಲಿಗೆ ಮುಳ್ಳು ಚುಚ್ಚುವುದು, ಕೈಗೆ ಕುಡುಗೋಲು ತಾಗುವುದು ಹೊಸದೇನಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ಕೆಲಸಕ್ಕೆ ಹೊರಡುತ್ತೇವೆ. ಬಹುಪಾಲು ಗಾಯಗಳು ವಾಸಿಯಾಗುತ್ತವೆ. ಅಪರೂಪಕ್ಕೊಮ್ಮೆ ಮಾತ್ರ ರೋಗಾಣುಗಳು ಚರ್ಮದಡಿಯ ಪದರಕ್ಕೆ ಇಳಿದು, ಗಂಟೆಗಳ ಲೆಕ್ಕದಲ್ಲಿ ಅದನ್ನು ಕೊಳೆಸುತ್ತಾ ಹೋಗುತ್ತವೆ. ಈ ಕಾಯಿಲೆಗೆ ದೊಡ್ಡ ಚರಿತ್ರೆಯೇ ಇದೆ.

ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಇದು ಆಸ್ಪತ್ರೆಗಳಲ್ಲೇ ಅಂಟುತ್ತಿತ್ತು. ವೈದ್ಯ ಜೋಸೆಫ್ ಜೋನ್ಸ್ 1871ರಲ್ಲಿ 2642 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಲಿಲ್ಲ. 1924ರಲ್ಲಿ ಚೀನಾದ ಪೀಕಿಂಗಿನಲ್ಲಿದ್ದ ಶಸ್ತ್ರವೈದ್ಯ ಫ್ರಾಂಕ್ ಮೆಲೆನಿ 20 ರೋಗಿಗಳನ್ನು ಕುರಿತು ಬರೆದರು. ಪೆನಿಸಿಲಿನ್ ಇನ್ನೂ ಬಂದಿರದ ಕಾಲವದು. ಬೇಗನೆ ಕೊಯ್ದು, ಒಳಗನ್ನು ಅಗಲವಾಗಿ ತೆರೆಯಬೇಕು ಎಂಬುದೇ ಅವರ ಪಾಠ.

ಪೆನಿಸಿಲಿನ್ ಬಂದ ಮೇಲೂ ಆ ಪಾಠ ಹಳತಾಗಲಿಲ್ಲ. ಕಾರಣ ನಮ್ಮ ರೈತರಿಗೆ ಸುಲಭವಾಗಿ ತಿಳಿಯುತ್ತದೆ. ಕಾಲುವೆ ಕಟ್ಟಿಕೊಂಡರೆ ಕೆರೆ ತುಂಬಿದ್ದರೂ ಗದ್ದೆಗೆ ನೀರು ಬಾರದು. ಈ ರೋಗದಲ್ಲಿ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಸತ್ತ ಮಾಂಸಕ್ಕೆ ಔಷಧಿ ತಲುಪುವುದಿಲ್ಲ. ಅದನ್ನು ಕತ್ತರಿಸಿ ತೆಗೆಯಲೇಬೇಕು.

ಡಾ. ವಿಲ್ಸನ್ ಎಂಬವರು ಈ ಕಾಯಿಲೆಗೆ ‘ನೆಕ್ರೊಟೈಸಿಂಗ್ ಫ್ಯಾಸೈಟಿಸ್’ ಎಂಬ ಹೆಸರು ಕೊಟ್ಟದ್ದು 1952ರಲ್ಲಿ. ಅದೇ ವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಾವಳಿ ಎದ್ದಿತು. ಉಸಿರಾಡಲಾರದ ರೋಗಿಗಳಿಗೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದ ಚೀಲ ಒತ್ತಿ ಗಾಳಿ ಕೊಟ್ಟರು. ಇದನ್ನು ಆರಂಭಿಸಿದ ಬ್ಯೋರ್ನ್ ಇಬ್ಸೆನ್ 1953ರಲ್ಲಿ ಪ್ರತ್ಯೇಕ ವಾರ್ಡೊಂದನ್ನು ತೆರೆದರು. ಹೊಸೂರಿನ ಕಡೆ ‘ತೀವಿರ ಸಿಕಿಚ್ಚೈ ಪಿರಿವು’ ಎಂದೂ, ಬೆಂಗಳೂರಿನಲ್ಲಿ ‘ತೀವ್ರ ನಿಗಾ ಘಟಕ’ ಎಂದೂ ಕರೆಯುವ ಕೋಣೆಯ ಮೂಲ ಅದು.

ರೋಗದ ವಿಷ ರಕ್ತಕ್ಕೆ ಸೇರಿ ರಕ್ತದೊತ್ತಡ ಕುಸಿದಾಗ ಈ ಕೋಣೆಯೇ ಆಸರೆ. ರಕ್ತನಾಳಕ್ಕೆ ದ್ರವ, ಒತ್ತಡ ಏರಿಸುವ ಔಷಧಿ, ಬಲವಾದ ಆಂಟಿಬಯೋಟಿಕ್, ಬೇಕಾದರೆ ಉಸಿರಿನ ಯಂತ್ರ ಎಲ್ಲವೂ ಅಲ್ಲಿ ಸಿಗುತ್ತವೆ. ಒಂದು ದಿನದೊಳಗೆ ಮತ್ತೆ ಗಾಯ ತೆರೆದು, ಕೊಳೆತ ಭಾಗ ಉಳಿದಿದೆಯೇ ಎಂದು ನೋಡುತ್ತಾರೆ. ಆದರೆ ಮೊದಲ ಕೊಯ್ತ ತಡವಾದರೆ ಇಷ್ಟಿದ್ದೂ ಜೀವ ಉಳಿಸುವುದು ಕಷ್ಟ.

ಆದ್ದರಿಂದ ಚರಿತ್ರೆ ಹೇಳುವ ಗುರುತನ್ನು ನೆನಪಿಡಿ. ಗಾಯ ಸಣ್ಣದು, ನೋವು ಮಾತ್ರ ತಡೆಯಲಾಗದಷ್ಟು. ಊತ ಬೇಗ ಹರಡುತ್ತಿದೆ, ಜ್ವರವಿದೆ, ಚರ್ಮ ಕಪ್ಪಾಗುತ್ತಿದೆ ಎಂದರೆ ಬೆಳಗಾಗಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಕಡಿಮೆ ಇರಬಹುದು, ಅವರು ಇನ್ನೂ ಎಚ್ಚರವಾಗಿರಬೇಕು. 108ರ ಆಂಬುಲೆನ್ಸ್ ಗಡಿಯ ಎರಡೂ ಕಡೆ ಇದೆ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೇ ಹೋಗಿ, ಯಾವ ಭಾಷೆಯಲ್ಲಾದರೂ ಮೊದಲು ಹೇಳಬೇಕಾದ ಮಾತು ಒಂದೇ: ಗಾಯಕ್ಕಿಂತ ನೋವು ಜಾಸ್ತಿ.